ಗುಡ್ಡ ಇನ್ನೂ ಹಸಿಯಾಗಿದೆ

೧

ಎಲ್ಲಿಂದ ಶುರುಮಾಡಲಿ? ಬಂಡೆಯಿಂದಲೋ, ಗಂಡನಿಂದಲೋ?

ಪ್ರಾಸಕ್ಕೆಂದು ತಂದದ್ದಲ್ಲ, ಆಣೆಗೂ. ಈ ಕಥೆಯ ಹೆಂಗಸಿಗೆ ಆ ವರ್ಷ ಇದ್ದದ್ದೇ ಅವೆರಡು: ಕೈಯಾರೆ ಮಾಡುವ ಬಂಡೆಗಳು ಮತ್ತು ಮನೆಯಲ್ಲಿ ಮುಖ ಗಂಟುಹಾಕಿಕೊಂಡು ಕೂತ ಗಂಡ. ಬಂಡೆಯಿಂದ ಶುರುಮಾಡಿದರೆ ನೀವು ಎರಡನೇ ಪ್ಯಾರಾದಲ್ಲೇ ಆಕಳಿಸುತ್ತೀರಿ. ಸಿಮೆಂಟಿನ ವಿಷಯ ಓದಲಿಕ್ಕೆ ಯಾರು ಕಥೆಪುಸ್ತಕ ತೆರೆಯುತ್ತಾರೆ? ಗಂಡನಿಂದ ಶುರುಮಾಡೋಣವೆಂದರೆ ಅವಳಿಗೆ ಸಿಟ್ಟು.

"ಯಾವಾಗ್ಲೂ ಅವರಿಂದಲೇ ಯಾಕೆ ಶುರುವಾಗ್ಬೇಕು?" ಎಂದು ಕೇಳಿಯೇಬಿಟ್ಟಳು.

(ಹೌದು, ಪಾತ್ರ ಮಾತಾಡುತ್ತದೆ. ನನ್ನ ಕಥೆಗಳಲ್ಲಿ ಪಾತ್ರಗಳಿಗೆ ಸಲಿಗೆ ಜಾಸ್ತಿ. ಬೇರೆಯವರ ಕಥೆಗಳಲ್ಲಿ ಹೇಳಿದ್ದು ಕೇಳಿಕೊಂಡು ತೆಪ್ಪಗಿರುತ್ತವಂತೆ.)

"ಸರಿ ಕಣಮ್ಮ, ನಿನ್ನಿಂದಲೇ ಶುರುಮಾಡ್ತೀನಿ."

"ಕಣಮ್ಮ ಗಿಣಮ್ಮ ಎಲ್ಲ ಬೇಡ. ವಯಸ್ಸಲ್ಲಿ ನಿಮಗಿಂತ ದೊಡ್ಡೋಳು ನಾನು."

ಮಾತಿನಲ್ಲಿ ಬಹುವಚನ ಕೊಡುತ್ತೇನೆ, ಬರಹದಲ್ಲಿ ಮಾತ್ರ 'ಅವಳು' ಎಂದಿರಲಿ, ವಾಕ್ಯ ಹಗುರಾಗುತ್ತದೆ ಎಂದು ಕೇಳಿಕೊಂಡೆ. ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದಳು. ಅಷ್ಟಾಗುವಷ್ಟರಲ್ಲಿ ಕಥೆ ಶುರುವಾಗಿಬಿಟ್ಟಿತ್ತು.

೨

ಎಲ್ಲರೂ ಅವಳನ್ನು ಬಂಡೆಯಕ್ಕ ಎನ್ನುತ್ತಿದ್ದರು. ಪಾರ್ಕಿನ ಜಲಪಾತದ ಹಿಂದಿನ ಬಂಡೆ, ಹೋಟೆಲಿನ ಮೀನುತೊಟ್ಟಿಯೊಳಗಿನ ಗವಿ, ಮೃಗಾಲಯದಲ್ಲಿ ಕರಡಿ ಬೆನ್ನು ತಿಕ್ಕಿಕೊಳ್ಳುವ ಕಲ್ಲು, ಎಲ್ಲ ಅವಳ ಕೈಕೆಲಸ. ಕಂಬಿ ಬಗ್ಗಿಸಿ, ತಂತಿಜಾಲರಿ ಹೊದಿಸಿ, ಸಿಮೆಂಟು ಮೆತ್ತಿ, ಮೇಲೆ ಬಣ್ಣ ಬಳಿದಳೆಂದರೆ ಹಕ್ಕಿಗಳೂ ಮೋಸಹೋಗಿ ಬಂದು ಕೂರುತ್ತಿದ್ದವು. ಕರಡಿಯಿಂದಂತೂ ಇದುವರೆಗೆ ಒಂದು ದೂರು ಬಂದಿಲ್ಲ.

ಗಂಡ ಬಸ್ ಡ್ರೈವರ್. ಘಟ್ಟದ ರಸ್ತೆಯಲ್ಲಿ, ತಿರುವಿನ ಮೇಲೆ ತಿರುವು ಬರುವ ಕಡೆ, ಪ್ರಯಾಣಿಕರು ತೂಕಡಿಸುವಷ್ಟು ನಯವಾಗಿ ಗಾಡಿ ಒಯ್ಯುತ್ತಿದ್ದವನು. ಒಂದು ದಿನ ಡಿಪೋದಲ್ಲಿ ರಿವರ್ಸ್ ತೆಗೆಯುವಾಗ ಕಂಬಕ್ಕೆ ಗುದ್ದಿದ. ಅವನು ಕೆಲಸಕ್ಕೆ ಸೇರಿದಾಗಿನಿಂದ ಅಲ್ಲೇ ನಿಂತಿದ್ದ ಕಂಬ ಅದು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವನು ಇಳಿದು ಬಂದು ಕಂಬವನ್ನು ಮುಟ್ಟಿ ಮುಟ್ಟಿ ನೋಡಿದ. "ಇದು ನನಗೆ ಕಾಣ್ಲೇ ಇಲ್ಲ" ಎಂದ.

ಕಣ್ಣಿನ ಆಸ್ಪತ್ರೆಯಲ್ಲಿ ಹೇಳಿದ್ದು ಇಷ್ಟು: ಪಕ್ಕದ ನೋಟ ಮುಚ್ಚಿಕೊಳ್ಳುತ್ತಾ ಬರುತ್ತಿದೆ. ಹೋದದ್ದು ವಾಪಸ್ಸು ಬರುವುದಿಲ್ಲ. ನಡುವಿನದು ಸದ್ಯಕ್ಕಿದೆ, ಎಲ್ಲಿಯವರೆಗೆ ಎಂದು ಹೇಳಲಾಗದು. ಪೈಪಿನೊಳಗಿಂದ ನೋಡಿದ ಹಾಗೆ ಎಂದು ಅವನೇ ವಿವರಿಸುತ್ತಿದ್ದ, ಬೇರೆ ಯಾರದೋ ಕಣ್ಣಿನ ಸುದ್ದಿ ಹೇಳುವವನಂತೆ.

ಕೆಲಸ ಬಿಟ್ಟ ದಿನ ಡಿಪೋದ ಗೆಳೆಯರು ಒಂದು ದೊಡ್ಡ ಡಬ್ಬ ಕೊಟ್ಟರು. ಒಳಗೆ ರಿಮೋಟಿನಿಂದ ನಡೆಸುವ ಪುಟ್ಟ ಟ್ರಕ್ಕು. ಪ್ರೀತಿಯಿಂದಲೇ ಕೊಟ್ಟದ್ದು. ಅವನು ಮನೆಗೆ ಬಂದು ಅದನ್ನು ಬೀರುವಿನ ಮೇಲಕ್ಕೆ ತಳ್ಳಿ, "ಬಸ್ಸು ಕಿತ್ಕೊಂಡು ಬೊಂಬೆ ಕೊಟ್ರು" ಎಂದ.

ಇಲ್ಲಿ ನನ್ನ ಮೊದಲ ಡ್ರಾಫ್ಟಿನಲ್ಲಿ ಒಂದು ಚೆಂದದ ಪ್ಯಾರಾ ಇತ್ತು. ಅವನು ಕಿಟಕಿಯ ಬಳಿ ನಿಂತಿರುತ್ತಾನೆ, ದೂರದಲ್ಲಿ ಬಸ್ಸಿನ ಹಾರ್ನ್ ಕೇಳುತ್ತದೆ, ಕೆನ್ನೆಯ ಮೇಲೆ ಒಂದು ಹನಿ ಜಾರುತ್ತದೆ.

"ಸ್ವಾಮಿ, ನಾನು ಅಳ್ಲಿಲ್ಲ" ಎಂದ ಡ್ರೈವರು. "ಬೈತಾ ಇದ್ದೆ. ಆ ಹಾರ್ನ್ ಹೊಡೀತಿದ್ದೋನಿಗೆ ಗೇರ್ ಹಾಕೋಕೇ ಬರ್ತಿರ್ಲಿಲ್ಲ."

ಪ್ಯಾರಾ ತೆಗೆದೆ. (ಹನಿ ಚೆನ್ನಾಗಿತ್ತು. ಬೇರೆ ಕಥೆಗೆ ಎತ್ತಿಟ್ಟಿದ್ದೇನೆ.)

೩

ಈಗ ಹಲ್ಲಿನ ಡಾಕ್ಟ್ರು ಬರಬೇಕು. ಕಣ್ಣಿನ ಕಥೆಯಲ್ಲಿ ಹಲ್ಲಿನ ಡಾಕ್ಟರು ಯಾಕೆ ಎಂದು ಕೇಳಬೇಡಿ, ಬಂದವರು ಅವರೇ.

ಅವರ ಕ್ಲಿನಿಕ್ಕಿನ ಹಿತ್ತಲಲ್ಲಿ ಒಂದು ಕ್ಲಬ್ಬು ಇತ್ತು. ಭಾನುವಾರ ಅಲ್ಲಿ ಹತ್ತಾರು ಜನ ದೊಡ್ಡವರು ಸೇರಿ ಕೈಯಳತೆಯ ಟ್ರಕ್ಕುಗಳನ್ನು ಕಲ್ಲು ಹತ್ತಿಸುತ್ತಿದ್ದರು. ಅವಕ್ಕೆ ಕ್ರಾಲರ್ ಎನ್ನುತ್ತಾರೆ. ಓಡುವ ಗಾಡಿಗಳಲ್ಲ ಅವು, ತೆವಳುವ ಗಾಡಿಗಳು. ಬೇಗ ಹೋದವನು ಬೀಳುತ್ತಾನೆ. ಒಂದೊಂದು ಚಕ್ರ ಎಲ್ಲಿ ಕೂರುತ್ತದೆಂದು ನೋಡಿ, ತಡೆದು, ಮತ್ತೆ ಕೂದಲೆಳೆಯಷ್ಟು ಮುಂದೆ ತಂದು, ಹಾಗೆ ಹತ್ತಿಸಬೇಕು. ದಾರಿಯಲ್ಲಿ ಅಲ್ಲಲ್ಲಿ ಜೋಡಿ ಕಡ್ಡಿ ನೆಟ್ಟಿರುತ್ತಾರೆ, ಅವುಗಳ ನಡುವೆ ನುಸುಳಬೇಕು. ಇಷ್ಟೇ ಆಟ. ಡಾಕ್ಟ್ರ ಕೈಗೆ ಹೇಳಿ ಮಾಡಿಸಿದ್ದು.

ತೊಂದರೆ ಏನೆಂದರೆ ಕ್ಲಬ್ಬಿನವರೇ ಸೇರಿ ಥರ್ಮೋಕೋಲು, ಪ್ಲಾಸ್ಟರಿನಲ್ಲಿ ಮಾಡಿದ ಗುಡ್ಡ ಮೊದಲ ಮಳೆಗೇ ಕರಗಿ ಗಂಜಿಯಾಗಿತ್ತು.

"ಅಕ್ಕ, ನೀವೊಂದು ಗುಡ್ಡ ಮಾಡಿಕೊಡಿ. ಜನ್ಮಕ್ಕೂ ಹಾಳಾಗ್ಬಾರ್ದು" ಎಂದರು ಡಾಕ್ಟ್ರು.

"ಯಾರ ಜನ್ಮಕ್ಕೆ?" ಎಂದು ಬಂಡೆಯಕ್ಕ ನಕ್ಕಳು. ಕರಡಿಯ ಭಾರ ತಡೆದವಳಿಗೆ ಆಟದ ಗಾಡಿ ಯಾವ ಲೆಕ್ಕ?

ಗುಡ್ಡ ಮಾಡಿದಳು. ನೋಡಿದವರು ಬಾಯಿಮೇಲೆ ಬೆರಳಿಟ್ಟರು. ಬಿರುಕು, ಪಾಚಿ, ನೀರಿನ ಕಲೆ ಎಲ್ಲ ಥೇಟ್ ಕಲ್ಲಿನದೇ. ಡಾಕ್ಟ್ರು ಹಲ್ಲು ಕೀಳುವುದನ್ನು ಅರ್ಧಕ್ಕೆ ಬಿಟ್ಟು ಬಂದು ಫೋಟೋ ತೆಗೆದುಕೊಂಡರು.

೩ (ಇನ್ನೊಮ್ಮೆ)

ಈ ಭಾಗವನ್ನು ಅಲ್ಲಿಗೇ ನಿಲ್ಲಿಸಿ ಎಂದು ಅವಳು ಬೇಡಿಕೊಂಡಳು. ನನಗೂ ಆಸೆಯಿತ್ತು. ಆದರೆ ಆದದ್ದು ಬೇರೆ.

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗುಡ್ಡದ ಬಣ್ಣ ಹೋಯಿತು. ರಬ್ಬರ್ ಚಕ್ರಗಳು ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಬೂದುಬಣ್ಣದ ಗೆರೆ ಎದ್ದಿತು, ಕೂದಲುದುರಿದ ತಲೆಯ ಬೈತಲೆಯ ಹಾಗೆ. ಚೂಪು ಅಂಚುಗಳು ಮುರಿದವು. ಮುರಿದಲ್ಲಿ ನೀರು ಇಳಿಯಿತು, ಒಳಗಿನ ಜಾಲರಿ ತುಕ್ಕು ಹಿಡಿಯಿತು, ಅಲ್ಲಲ್ಲಿ ಕಂದು ನೀರು ಒಸರಿತು. ಒಂದು ಭಾನುವಾರ ಯಾರದೋ ಗಾಡಿಯ ಚಕ್ರ ಟೊಳ್ಳು ಬಂಡೆಯೊಳಗೆ ಕುಸಿದು ಸಿಕ್ಕಿಕೊಂಡಿತು.

ಯಾರೂ ಅವಳನ್ನು ಒಂದು ಮಾತು ಅನ್ನಲಿಲ್ಲ. ಅದೇ ಅವಳಿಗೆ ಸಹಿಸಲಾಗಲಿಲ್ಲ. ಮಾರನೆಯ ದಿನ ಸುತ್ತಿಗೆ ತಂದು ತಾನೇ ಒಡೆಯಲು ಕೂತಳು.

ಮಧ್ಯಾಹ್ನ ಗಂಡ ಊಟದ ಡಬ್ಬಿ ತಂದ. ಮನೆಯಿಂದ ಅಲ್ಲಿಗೆ ದಾರಿ ನೇರ, ಗೋಡೆ ಹಿಡಿದು ಬರಬಹುದಿತ್ತು. ಚೂರುಗಳ ನಡುವೆ ಕುಕ್ಕರಗಾಲಲ್ಲಿ ಕೂತು ಒಂದನ್ನು ಎತ್ತಿಕೊಂಡು ಬೆರಳಾಡಿಸಿದ.

"ಒಳಗೆ ಟೊಳ್ಳು."

"ಯಾವಾಗ್ಲೂ ಟೊಳ್ಳೇ ಮಾಡೋದು. ಇಷ್ಟು ವರ್ಷ ಯಾವುದು ಬಿದ್ದಿದೆ?"

"ಅವು ನೋಡೋಕೆ ಮಾಡಿದ್ದು ಕಣೆ. ಇದರ ಮೇಲೆ ಗಾಡಿ ಓಡಾಡುತ್ತೆ." ಚೂರಿನ ಬೋಳು ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿದ. "ನೋಡು, ಎಲ್ಲರೂ ಇಲ್ಲೇ ಹತ್ತಿದಾರೆ. ನೀನು ದಾರಿ ಅಲ್ಲಿ ಬಿಟ್ಟಿದ್ದೆ, ಗಾಡಿ ಇಲ್ಲಿ ಹೋಗಿದೆ. ರಸ್ತೆ ಮಾಡೋರು ಒಂದ್ಕಡೆ ಮಾಡ್ತಾರೆ, ಚಕ್ರ ಇನ್ನೊಂದ್ಕಡೆ ಹೋಗುತ್ತೆ."

ಎಷ್ಟೋ ದಿನಗಳ ನಂತರ ಅವನು ಅಷ್ಟು ಉದ್ದ ಮಾತಾಡಿದ್ದು. ಬಂಡೆಯಕ್ಕ ಸುತ್ತಿಗೆ ಕೆಳಗಿಟ್ಟಳು. ಆ ಸಂಜೆ ಅವನೇ ಸ್ಟೂಲು ಹತ್ತಿ ಬೀರುವಿನ ಮೇಲಿಂದ ಡಬ್ಬ ಇಳಿಸಿದ. ಅವಳು ಸ್ಟೂಲು ಹಿಡಿದುಕೊಂಡಿದ್ದಳು, ಹಿಡಿದುಕೊಂಡಿಲ್ಲ ಎಂಬಂತೆ.

೪

ಓದುಗರೇ, ಈಗ ಸ್ವಲ್ಪ ಸಿಮೆಂಟು ಸಹಿಸಿಕೊಳ್ಳಬೇಕು. ಅವರಿಬ್ಬರು ಹತ್ತಿರವಾದದ್ದು ಅದರಲ್ಲೇ. ನಾನು ಬೇರೆ ಕಡೆ ಹುಡುಕಿದೆ, ಸಿಗಲಿಲ್ಲ.

ಎರಡನೇ ಗುಡ್ಡವನ್ನು ಟೊಳ್ಳು ಬಿಡಲಿಲ್ಲ. ಒಡೆದ ಚೂರು, ಜಲ್ಲಿ, ಮಣ್ಣು ಹಾಕಿ ದಮ್ಮಸ್ಸು ಮಾಡಿ ಒಳಗನ್ನು ಗಟ್ಟಿಮಾಡಿದರು. ಅದರ ಮೇಲೆ ಕಂಬಿ, ಜಾಲರಿ. ಇಡೀ ಗುಡ್ಡ ಒಂದೇ ತುಂಡಾದರೆ ಬಿಸಿಲಿಗೆ ತನಗೆ ಬೇಕಾದ ಕಡೆ ಬಿರುಕು ಬಿಡುತ್ತದೆಂದು ಬಿಡಿಬಿಡಿ ಬಂಡೆಗಳಾಗಿ ಮಾಡಿ ನಡುವೆ ಸಂದು ಬಿಟ್ಟಳು. ನೀರು ನಿಲ್ಲದಂತೆ ಪ್ರತಿ ತಗ್ಗಿಗೂ ಒಂದು ತೂತು. ಬಣ್ಣವನ್ನು ಮೇಲೆ ಬಳಿಯಲಿಲ್ಲ, ಸಿಮೆಂಟಿನೊಳಗೇ ಕಲಸಿದಳು. ಎಷ್ಟು ಸವೆದರೂ ಒಳಗೂ ಅದೇ ಬಣ್ಣ.

ಮೊದಲ ಪದರಕ್ಕೆ ಗೀರು ಹಾಕಿ, ಮೇಲೆ ದಪ್ಪ ಎರಡನೆಯದು. ಅದು ಹದಕ್ಕೆ ಬರುವವರೆಗೆ ಕಾಯಬೇಕು. ಹೆಬ್ಬೆರಳು ಒತ್ತಿದರೆ ಗುರುತು ಮೂಡಬೇಕು, ಬೆರಳಿಗೆ ಅಂಟಬಾರದು. ಆಗ ಕೆತ್ತನೆ. ಡಾಕ್ಟ್ರು ತಮ್ಮ ಹಳೆಯ ಕೊಕ್ಕೆ, ಸಣ್ಣ ಸಲಾಕೆಗಳನ್ನೆಲ್ಲ ತಂದು ಸುರಿದರು. ಹಲ್ಲಿನ ಸಂದು ಕೆರೆಯುವ ಕೊಕ್ಕೆಯಿಂದ ಅವಳು ಕಲ್ಲಿನ ಬಿರುಕು ಕೆರೆದಳು.

ಹದ ನೋಡುವ ಕೆಲಸವನ್ನು ಗಂಡ ವಹಿಸಿಕೊಂಡ. ಅಷ್ಟೇ ಅಲ್ಲ, ಕೆತ್ತುವ ಮುಂಚೆ ತನ್ನ ಟ್ರಕ್ಕನ್ನು ಕೈಯಲ್ಲೇ ಹಿಡಿದು ಹಸಿ ಗಾರೆಯ ಮೇಲೆ ಆಡಿಸಿ, "ಇಲ್ಲಿ ಮುಂದಿನ ಚಕ್ರ ಕೂರುತ್ತೆ, ಹಿಂದಿಂದು ಒಳಕ್ಕೆ ಎಳೆಯುತ್ತೆ, ಈ ಅಂಚು ದುಂಡಗೆ ಮಾಡು, ಇಲ್ಲಾಂದ್ರೆ ಮುರಿಯುತ್ತೆ" ಎನ್ನುತ್ತಿದ್ದ. ಅವಳು ಕರಣೆ ಎತ್ತಿ, "ಹಾಗಾದ್ರೆ ನೋಡೋಕೆ ಬೆಣ್ಣೆಮುದ್ದೆ ಥರ ಕಾಣುತ್ತಲ್ರೀ" ಎನ್ನುತ್ತಿದ್ದಳು. ಜಗಳ. ಒಂದು ಅಂಚು ಅವಳದು, ಒಂದು ಅವನದು.

ಗಾರೆ ಒಣಗದಂತೆ ಒದ್ದೆ ಗೋಣಿತಾಟು ಹೊದಿಸುತ್ತಿದ್ದರು. ದಿನವಿಡೀ ನೀರು ಚಿಮುಕಿಸುವುದು ಅವನ ಪಾಲಿಗೆ ಬಂತು. ಯಾವ ತಾಟು ಆರಿದೆಯೆಂದು ಅಂಗೈಯ ಹಿಂಭಾಗ ತಾಗಿಸಿ ಹೇಳುತ್ತಿದ್ದ, ಜ್ವರ ಬಂದ ಮಗುವಿನ ಹಣೆ ನೋಡುವವರ ಹಾಗೆ.

ಡಾಕ್ಟ್ರು ಅವಳನ್ನು ಅಕ್ಕ ಎನ್ನುತ್ತಿದ್ದರಲ್ಲ, ಹಾಗಾಗಿ ಡ್ರೈವರ್ ಭಾವ ಆದ. ಒಂದು ಹಲ್ಲೂ ಕೀಳಿಸಿಕೊಳ್ಳದೆ ಅವನಿಗೊಬ್ಬ ಭಾವಮೈದುನ ಸಿಕ್ಕಿದ.

೫

ಇಲ್ಲಿಯವರೆಗೆ ಎಲ್ಲರೂ ಒಳ್ಳೆಯವರು, ಎಲ್ಲವೂ ಚೆನ್ನ. ಹೀಗೇ ಬಿಟ್ಟರೆ ಇದು ಸಿಮೆಂಟ್ ಜಾಹೀರಾತು ಆಗುತ್ತದೆ ಎಂದು ನನಗೆ ಚಿಂತೆ ಹತ್ತಿತ್ತು. ಒಂದು ಜಗಳ ಹುಟ್ಟಿಸೋಣವೆಂದು ಕೂತೆ. ಹುಟ್ಟಿಸಬೇಕಾಗಲಿಲ್ಲ.

ಕೊನೆಯ ಬಂಡೆಯ ತಾಟು ತೆಗೆದ ಬೆಳಿಗ್ಗೆ ಅವನು ಎಂದಿನಂತೆ ಗುಡ್ಡದ ಮೇಲೆ ಕೈಯಾಡಿಸುತ್ತಿದ್ದ. ಬೆರಳು ಒಂದು ಕಡೆ ನಿಂತಿತು. ಅಲ್ಲಿಂದ ಮೇಲಕ್ಕೆ ಹೋಯಿತು, ಪಕ್ಕದ ಬಂಡೆಗೆ ದಾಟಿತು, ಮತ್ತೆ ಮೇಲಕ್ಕೆ.

"ಇದೇನೇ ಇದು?"

"ಯಾವುದು?"

"ಎಡಗಡೆ ಉದ್ದಕ್ಕೂ ದಿಂಡು ಥರ ಎದ್ದಿದೆಯಲ್ಲ."

"ಅದು ಕಲ್ಲಿನ ನರ. ನಿಜವಾದ ಕಲ್ಲಲ್ಲೂ ಇರುತ್ತೆ."

"ಇಷ್ಟು ನೆಟ್ಟಗೆ?"

ಅವಳು ಮಡಚಿಟ್ಟ ಗೋಣಿತಾಟನ್ನು ಮತ್ತೆ ಬಿಡಿಸಿ ಮಡಚಿದಳು. ಅವನ ಬೆರಳು ಆ ದಿಂಡಿನ ಮೇಲೇ ಇತ್ತು. ಗಾಡಿಯ ಎಡಚಕ್ರ ಅದಕ್ಕೆ ಆನಿಕೊಂಡು ಹೋದರೆ ನೋಡುವ ಅಗತ್ಯವೇ ಇರಲಿಲ್ಲ, ಗಾಡಿ ತಾನಾಗಿಯೇ ಜೋಡಿಕಡ್ಡಿಗಳ ನಡುವೆ ನುಸುಳಿ ಮೇಲೆ ತಲುಪುತ್ತಿತ್ತು.

"ಕಣ್ಣು ಪೂರ್ತಿ ಹೋದ್ಮೇಲೆ ಅಂತ ತಾನೇ?" ಎಂದ.

ಆ ಮಾತನ್ನು ಅವರಿಬ್ಬರಲ್ಲಿ ಯಾರೂ ಅದುವರೆಗೆ ಬಾಯಿಬಿಟ್ಟು ಆಡಿರಲಿಲ್ಲ. ಕಣ್ಣಿನ ಡಾಕ್ಟರ ಮುಂದೆಯೂ ಇಲ್ಲ, ಮನೆಯಲ್ಲೂ ಇಲ್ಲ.

"ಆಗ್ಲೂ ನೀವು ಇಲ್ಲಿಗೆ ಬರ್ಬೇಕಲ್ಲ" ಎಂದಳು. ದನಿ ಅವಳದೆನಿಸಲಿಲ್ಲ. "ಬರ್ಬೇಕಲ್ವೇನ್ರೀ?"

ಅವನು ಕೈಯ ಧೂಳು ಕೊಡವಿಕೊಂಡು ಎದ್ದ. ನೀರಿನ ಕ್ಯಾನನ್ನು ಎಡವಿದ, ಸುಧಾರಿಸಿಕೊಂಡ, ಗೇಟು ದಾಟಿ ಹೊರಟೇಬಿಟ್ಟ.

(ಇಲ್ಲಿ ಅವಳ ಬಾಯಲ್ಲಿ ಒಂದು ಉದ್ದನೆಯ ಮಾತು ಬರೆದಿದ್ದೆ. ಪ್ರೀತಿ ಎಂದರೇನು, ಆಸರೆ ಎಂದರೇನು ಎಂದೆಲ್ಲ. ಅವಳು ಓದಿ, "ಇಷ್ಟೆಲ್ಲ ಹೇಳ್ಕೊಂಡು ನಿಂತ್ರೆ ಅವರು ರೋಡು ದಾಟಿಬಿಡ್ತಾರೆ" ಎಂದು ಚಪ್ಪಲಿ ಮೆಟ್ಟಿ ಓಡಿದಳು. ನಾನು ಕಾಗದ ಹಿಡಿದು ಹಿಂದೆ ಓಡಿದೆ.)

ಅವನು ಮನೆಯ ದಾರಿ ಬಿಟ್ಟು ಇನ್ನೊಂದು ದಿಕ್ಕಿಗೆ, ಗೋಡೆಯ ಬದಿಯಲ್ಲಿ ನಡೆಯುತ್ತಿದ್ದ. ಅವಳು ಕರೆಯಲಿಲ್ಲ. ಸ್ವಲ್ಪ ಹಿಂದೆ, ಅಷ್ಟೇ ದೂರ ಕಾಯ್ದುಕೊಂಡು ನಡೆದಳು. ಅವನು ನಿಧಾನ ಮಾಡಿದರೆ ನಿಧಾನ ಮಾಡಿದಳು. ಅವಳ ಚಪ್ಪಲಿಯ ಸದ್ದು ಅವನಿಗೆ ಕೇಳುತ್ತಿದೆಯೆಂದು ಅವಳಿಗೆ ಗೊತ್ತಿತ್ತು. ಕೇಳಲಿ ಎಂದೇ ಕಾಲೆಳೆದು ನಡೆಯುತ್ತಿದ್ದಳು.

ಕ್ರಾಸಿನಲ್ಲಿ ಗೋಡೆ ಮುಗಿಯಿತು. ಎರಡೂ ಕಡೆಯಿಂದ ಗಾಡಿಗಳು. ಅವನು ನಿಂತ. ತಲೆಯನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿದ. ಮತ್ತೆ ನೋಡಿದ. ಆಮೇಲೆ ಹಿಂತಿರುಗದೆ ಎಡಗೈಯನ್ನು ಹಿಂದಕ್ಕೆ ಚಾಚಿದ.

ಅವಳು ಹೋಗಿ ಹಿಡಿದುಕೊಂಡಳು.

ಆ ಕಡೆ ಮುಟ್ಟಿದ ಮೇಲೂ ಕೈ ಬಿಡಲಿಲ್ಲ. "ಇದಕ್ಕೆ ನೀನು ಬೇಕು" ಎಂದ ಅವನು. "ಅದಕ್ಕೆ ಬೇಡ. ಗುಡ್ಡದ್ಮೇಲೆ ನಾನು ಬಿದ್ರೆ ಬೀಳ್ಲಿ. ಅಲ್ಲೊಂದು ಕಡೆ ಆದ್ರೂ ಬೀಳೋಕೆ ಬಿಡೇ."

"ಬಿದ್ರೆ ಬೇಜಾರಾಗಲ್ವಾ?"

"ಆಗುತ್ತೆ. ಆಗ್ಲಿ."

೬

ಮಾರನೆಯ ದಿನ ದಿಂಡು ಕಡಿಯಲು ಕೂತರು. ಅಷ್ಟು ಸುಲಭವಾಗಲಿಲ್ಲ. ಈ ಸಲ ಅವಳು ಗಟ್ಟಿಮುಟ್ಟಾಗಿಯೇ ಮಾಡಿದ್ದಳು, ಉಳಿಗೆ ಜಗ್ಗಲೊಲ್ಲದು. ಅವನು ಉಳಿ ಹಿಡಿದ, ಅವಳು ಸುತ್ತಿಗೆ ಬೀಸಿದಳು. ಅವನ ಬೆರಳ ಪಕ್ಕದಲ್ಲೇ ಏಟು ಬೀಳುತ್ತಿತ್ತು, ಅವನು ಕೈ ಅಲುಗಿಸಲಿಲ್ಲ. ಒಳಗೆ ಕ್ಲಿನಿಕ್ಕಿನ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದ ಯಾರೋ ಸದ್ದು ಕೇಳಿ ಎದ್ದು ಮನೆಗೆ ಹೋದರಂತೆ. ಕಿತ್ತ ಜಾಗಕ್ಕೆ ಹೊಸ ಗಾರೆ ತುಂಬಿ, ಕೆತ್ತಿ, ಮತ್ತೆ ತಾಟು ಹೊದಿಸಿದರು.

ಇಲ್ಲಿ ಕಥೆಗೆ ಅಂತ್ಯ ಬೇಕು. ನನ್ನ ಹತ್ತಿರ ಕೆಲವಿವೆ.

ಅಂತ್ಯ ಒಂದು: ಕಣ್ಣು ಪೂರ್ತಿ ಹೋದ ಮೇಲೆ ಡ್ರೈವರು ಬರೀ ನೆನಪಿನಿಂದ ಗಾಡಿ ನಡೆಸಿ ಪಂದ್ಯ ಗೆಲ್ಲುತ್ತಾನೆ. ಚಪ್ಪಾಳೆ.

"ಬೇಡ" ಎಂದಳು ಬಂಡೆಯಕ್ಕ. "ಗೆದ್ರೆ ಮಾತ್ರ ಕಥೆಗೆ ಸೇರಿಸ್ಕೋತೀರಾ ಅವರನ್ನ?"

ಅಂತ್ಯ ಎರಡು: ಹೊಸ ಔಷಧಿ ಬರುತ್ತದೆ.

"ಆ ಆಸೆ ಬಿಟ್ಟು ಈಗ ತಾನೇ ರಾತ್ರಿ ನಿದ್ದೆ ಬರ್ತಿದೆ" ಎಂದ ಡ್ರೈವರು. "ಮತ್ತೆ ಕೆದಕ್ಬೇಡಿ ಸ್ವಾಮಿ."

ಅಂತ್ಯ ಮೂರು: ಇಬ್ಬರೂ ಹೋದ ಮೇಲೂ ಗುಡ್ಡ ಉಳಿದಿರುತ್ತದೆ. ಯಾರೋ ಅದನ್ನು ನಿಜವಾದ ಬಂಡೆಯೆಂದೇ ತಿಳಿಯುತ್ತಾರೆ.

ಇಬ್ಬರೂ ಒಟ್ಟಿಗೆ ನಕ್ಕುಬಿಟ್ಟರು. "ಚೆನ್ನಾಗಿರೋರನ್ನ ಯಾಕ್ರೀ ಸಾಯಿಸ್ತೀರಿ?" ಎಂದಳು ಅವಳು. "ಸುಮ್ನೆ ಭಾನುವಾರ ಬನ್ನಿ. ಬಂದು ಬೆಂಚಿನ ಮೇಲೆ ಕೂತ್ಕೊಳ್ಳಿ."

೭

ಹಾಗೆಂದು ಬಂದಿದ್ದೇನೆ. ಬೆಂಚಿನ ಮೇಲೆ ಕೂತಿದ್ದೇನೆ. ನೀವೂ ಸ್ವಲ್ಪ ಸರಿದು ಕೂತುಕೊಳ್ಳಿ, ಡಾಕ್ಟ್ರಿಗೆ ಜಾಗ ಬೇಕು.

ಮಧ್ಯಾಹ್ನದ ಬಿಸಿಲು. ಹೊಸ ಗುಡ್ಡಕ್ಕೆ ಇವತ್ತೇ ಗಾಡಿ ಬಿಡುವುದು. ಒಂದಿಬ್ಬರು ಹತ್ತಿಸಿ ಆಯಿತು, ಒಂದು ಅಂಚೂ ಮುರಿದಿಲ್ಲ. ಈಗ ಡ್ರೈವರನ ಸರದಿ. ರಿಮೋಟನ್ನು ಎದೆಗೆ ಹತ್ತಿರ ಹಿಡಿದಿದ್ದಾನೆ. ಅವನ ನೋಟ ಈಗ ಇನ್ನಷ್ಟು ಕಿರಿದಾಗಿದೆ. ಗಾಡಿ ನೋಡಿದರೆ ಮುಂದಿನ ಕಲ್ಲು ಕಾಣುವುದಿಲ್ಲ, ಕಲ್ಲು ನೋಡಿದರೆ ಗಾಡಿ ಕಾಣುವುದಿಲ್ಲ. ಕತ್ತು ಮಾತ್ರ ಹಕ್ಕಿಯ ಹಾಗೆ ಆಡುತ್ತಿದೆ.

ಮೊದಲ ಕಡ್ಡಿಗಳ ನಡುವೆ ನುಸುಳಿತು. ಎರಡನೆಯದೂ ದಾಟಿತು. ದಿಂಡು ಕಿತ್ತ ಜಾಗದಲ್ಲಿ ಎಡಚಕ್ರ ಜಾರಿತು, ಗಾಡಿ ಒಂದು ಗಳಿಗೆ ಯೋಚಿಸಿದಂತೆ ನಿಂತು, ಮಗುಚಿ, ಎರಡು ಬಂಡೆಗಳ ಸಂದಿಗೆ ಬಿತ್ತು.

ಇಡೀ ಬೆಂಚು ಎದ್ದಿತು. ನಾನೂ ಎದ್ದೆ. ಬಂಡೆಯಕ್ಕ ಎಲ್ಲರಿಗಿಂತ ಮೊದಲೇ ಅರ್ಧ ಎದ್ದಿದ್ದಳು. ಎದ್ದವಳು ಎರಡೂ ಕೈಯಿಂದ ಬೆಂಚಿನ ಅಂಚನ್ನು ಹಿಡಿದು ತನ್ನನ್ನು ತಾನೇ ಕೆಳಗೆ ಕೂರಿಸಿದಳು. "ಕೂತ್ಕೊಳ್ಳಿ ಡಾಕ್ಟ್ರೇ" ಎಂದಳು ಮೆಲ್ಲಗೆ. "ಎಲ್ಲರೂ ಕೂತ್ಕೊಳ್ಳಿ."

ಅವನು ಚಪ್ಪಲಿ ಬಿಟ್ಟು ಗುಡ್ಡ ಹತ್ತಿದ. ಕೂತು, ಅಂಗೈ ಊರಿ, ಬಂಡೆಯಿಂದ ಬಂಡೆಗೆ ತಡಕಿದ. ಕೈ ಒಮ್ಮೆ ಗಾಡಿಯ ಪಕ್ಕದಲ್ಲೇ, ಇನ್ನೇನು ತಾಗಿತು ಎನ್ನುವಷ್ಟು ಹತ್ತಿರ ಹೋಗಿ ಬೇರೆ ಕಡೆ ಹೊರಳಿತು. ಡಾಕ್ಟ್ರು ಬಾಯಿ ತೆರೆದರು. ಅವಳು ಅವರ ಮೊಣಕೈ ಅದುಮಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಬಾಯಿ ಬಿಡಲಿಲ್ಲ.

(ಇಷ್ಟು ಕಷ್ಟದ ಸುಮ್ಮನಿರುವಿಕೆಯನ್ನು ನಾನು ನೋಡಿಲ್ಲ. ಬರೆಯುವವನಿಗೆ ಒಂದು ವಾಕ್ಯ ಸಾಕು, ಗಾಡಿಯನ್ನು ಅವನ ಕೈಗೆ ಸಿಗಿಸಲು. ನಾನೂ ಬೆಂಚಿನ ಅಂಚು ಹಿಡಿದುಕೊಂಡೆ.)

ಅವನು ತಡಕುವುದನ್ನು ನಿಲ್ಲಿಸಿದ. ರಿಮೋಟಿನ ಗುಂಡಿ ಒತ್ತಿದ. ಸಂದಿಯೊಳಗೆ ಚಕ್ರಗಳು ಗಾಳಿಯಲ್ಲಿ ತಿರುಗಿ ಗುರ್ ಎಂದವು. ಕತ್ತು ಓರೆಮಾಡಿ ಕೇಳಿದ, ಮತ್ತೆ ಒತ್ತಿದ, ಕೈ ನೇರ ಸಂದಿಗೆ ಇಳಿಸಿ ಗಾಡಿಯನ್ನು ಕಿವಿ ಹಿಡಿದು ಎತ್ತುವಂತೆ ಎತ್ತಿದ.

"ಅಡಗಿಕೊಂಡಿದ್ಯಾ ಕಳ್ಳ!" ಎಂದು ಜೋರಾಗಿ ನಕ್ಕ.

ಬೆಂಚಿನವರಿಗೆಲ್ಲ ಉಸಿರು ಬಂತು. ಇಲ್ಲಿಗೆ ಮುಗಿಸೋಣ, ಒಳ್ಳೆಯ ಜಾಗ ಎಂದುಕೊಂಡು ಪೆನ್ನು ಮುಚ್ಚುತ್ತಿದ್ದೆ. ಅಷ್ಟರಲ್ಲಿ ಅವನು ಗಾಡಿಯನ್ನು ಮಗುಚಿದಲ್ಲಿ ಇಡದೆ, ಗುಡ್ಡದ ಹಿಂಬದಿಗೆ ಬಗ್ಗಿ ಅಲ್ಲಿ ಇಟ್ಟ. ಆ ಕಡೆ ಕಡ್ಡಿ ನೆಟ್ಟಿಲ್ಲ, ಯಾರೂ ಹೋಗಿಲ್ಲ.

"ಭಾವ, ಆ ಕಡೆ ದಾರಿ ಇಲ್ಲ!" ಎಂದರು ಡಾಕ್ಟ್ರು.

"ನೋಡೋಣ ಬಿಡಿ" ಎಂದ.

ಗಾಡಿ ಹೊರಟಿದೆ. ದೊಡ್ಡ ಬಂಡೆಯ ಹಿಂದೆ ಹೋಗಿದೆ. ನನಗೆ ಕಾಣುತ್ತಿಲ್ಲ, ಪಕ್ಕದಲ್ಲಿ ಕೂತ ನಿಮಗೂ ಕಾಣುತ್ತಿಲ್ಲ. ಅವನಿಗಂತೂ ಇಲ್ಲ. ಅವಳು ಆ ಕಡೆ ನೋಡುತ್ತಲೂ ಇಲ್ಲ, ಗಂಡನ ಮುಖ ನೋಡುತ್ತಿದ್ದಾಳೆ.

"ಏನಾಗ್ತಿದೆ ಅಲ್ಲಿ? ಹತ್ತಿತಾ, ಬಿತ್ತಾ?" ಎಂದು ಕೇಳಿದೆ. "ನಾನೇನಾದ್ರೂ ಬರೀಬೇಕಲ್ಲ."

"ಸ್ವಲ್ಪ ಸುಮ್ನಿರ್ತೀರಾ?" ಎಂದಳು ತಿರುಗದೆಯೇ. "ಅವರು ಕೇಳಿಸ್ಕೋತಾ ಇದಾರೆ."

ಸುಮ್ಮನಿದ್ದೇನೆ. ಮೋಟಾರಿನ ಸದ್ದು ತೆಳ್ಳಗಾಗುತ್ತಾ ಬಂತು. ನಿಂತಿತು ಅಂದುಕೊಂಡೆ. ಇಲ್ಲ, ಸ್ವಲ್ಪ ತಡೆದು ಮತ್ತೆ ಗುರ್ ಎಂದು...